ದ್ಯಾಮವ್ವನ ಉಡಿಗೆ ಬಿದ್ದ ಹೂವು

ನಮ್ಮೂರ ದ್ಯಾಮವ್ವನಿಗೆ ನಡೆದುಕೊಳ್ಳುವ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಹಂಸಭಾವಿ ಕಡೆಯ ನೀಲವ್ವ ಮಾಡುವ ಶರಣು.

ಭಕ್ತರು ಬರೆದ ಅನುಭವಗಳನ್ನು ನಾನೂ ಬಹಳ ಓದಿದ್ದೇನೆ. ಎಲ್ಲರೂ ಕಣ್ಣೀರು ಸುರಿಸುತ್ತಾರೆ, ಪಾದ ಹಿಡಿಯುತ್ತಾರೆ, ದೇವಿ ಕರಗುತ್ತಾಳೆ. ನಾನು ಅಳಲಿಲ್ಲ. ಪಾದವನ್ನೂ ಹಿಡಿಯಲಿಲ್ಲ. ದ್ಯಾಮವ್ವನ ಎದುರಿಗೆ ನಿಂತು ಜಗಳ ತೆಗೆದೆ, ಆಕೆ ನನ್ನ ಜಗಳಕ್ಕೆ ಉತ್ತರ ಕೊಟ್ಟಳು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬರೆಯುವಾಗ ಮಾತು ಅಲ್ಲಲ್ಲಿ ಖಾರವಾದರೆ ಓದುವವರು ಸಹಿಸಿಕೊಳ್ಳಬೇಕು.

ನಲವತ್ತನಾಲ್ಕನೆಯ ಇಸವಿಯ ಬೇಸಿಗೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲಕ್ಕೂ ರೇಶನ್. ನಾನು ಧಾರವಾಡದಲ್ಲಿ ಇಂಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಮಳೆ ಹಿಡಿದ ಮೇಲೆ ಕಾಲೇಜು ತೆರೆಯುತ್ತದೆ. ಬಿ.ಎ.ಗೆ ಯಾವ ವಿಷಯ ತೆಗೆದುಕೊಳ್ಳುತ್ತೀ ಎಂದು ಆಗಲೇ ಹೇಳಿಬಿಡಬೇಕು, ಆಮೇಲೆ ಬದಲಾಯಿಸಲು ಬರುವುದಿಲ್ಲ. ನನಗೆ ಗಣಿತ ಬೇಕಾಗಿತ್ತು. ಮನೆಯಲ್ಲಿ ಸಂಸ್ಕೃತ ಎಂದು ತೀರ್ಮಾನವಾಗಿತ್ತು. ನನ್ನ ಕಷ್ಟ ಇಷ್ಟೇ. ಮಗುವನ್ನು ಕಳೆದುಕೊಂಡವರ, ಹಾಸಿಗೆ ಹಿಡಿದವರ ಕಷ್ಟದ ಪಕ್ಕದಲ್ಲಿ ಇದನ್ನಿಟ್ಟರೆ ಕೆಲವರಿಗೆ ನಗು ಬರಬಹುದು. ನಗುವವರು ತಮ್ಮ ತಲೆಗೆ ಹತ್ತದ ವಿಷಯವೊಂದನ್ನು ಇನ್ನೊಬ್ಬರ ಮಾತಿಗೆ ಓದಿ, ಫೇಲಾಗಿ ಊರಿಗೆ ಬಂದು, ಹೆಣ್ಣುಮಕ್ಕಳಿಗೆ ಓದು ಯಾಕೆ ಬೇಕಿತ್ತು ಎಂಬ ಮಾತನ್ನು ಬಾವಿಕಟ್ಟೆಯಲ್ಲಿ ನಿಂತು ಕೇಳಿ ನೋಡಲಿ. ನನಗೆ ಅದೇ ಕಾದಿತ್ತು.

ನಾನು ಚಿಕ್ಕವಳಿದ್ದಾಗಲೇ ಅಪ್ಪ ಪ್ಲೇಗಿನಲ್ಲಿ ತೀರಿಕೊಂಡ. ಅವ್ವನನ್ನೂ ನನ್ನನ್ನೂ ಸಾಕಿದವರು ಅಪ್ಪನ ತಮ್ಮ ಶಿವಪ್ಪ ಕಾಕಾ. ಅವರ ವಿಷಯವನ್ನು ನ್ಯಾಯವಾಗಿ ಬರೆಯಬೇಕು. ಊರೆಲ್ಲ ಮೂಗು ಮುರಿದರೂ ನನ್ನನ್ನು ಹಾವೇರಿಗೆ ಕಳಿಸಿ ಮ್ಯಾಟ್ರಿಕ್ ಓದಿಸಿದವರು ಅವರೇ. ಧಾರವಾಡದಲ್ಲಿ ಬೀಗರ ಮನೆಯಲ್ಲಿ ಬಿಟ್ಟು ಕಾಲೇಜಿಗೆ ಹಾಕಿದವರೂ ಅವರೇ. ಕೆಟ್ಟವರ ಮೇಲೆ ಸಿಟ್ಟು ಬಂದರೆ ಬೈದು ಮುಗಿಸಬಹುದು. ಉಪಕಾರ ಮಾಡಿದವರ ಮೇಲೆ ಬಂದ ಸಿಟ್ಟು ಗಂಟಲಲ್ಲೇ ಕೂತಿರುತ್ತದೆ, ಅತ್ತ ನುಂಗಲೂ ಆಗುವುದಿಲ್ಲ, ಇತ್ತ ಉಗುಳಲೂ ಆಗುವುದಿಲ್ಲ.

ನಾನು ಬಂದ ವಾರದಲ್ಲೇ ಕಾಕಾ ಪಡಸಾಲೆಯಲ್ಲಿ ಕೂಡಿಸಿಕೊಂಡು ಮಾತು ತೆಗೆದರು.

"ನೋಡ ನೀಲಾ, ಶಿಗ್ಗಾಂವಿ ವಕೀಲರ ಮನ್ಯಾಗ ಮಾತಾಡೇನಿ. ಅವರಿಗೆ ಬಿ.ಎ. ಕಲ್ತ ಸೊಸಿ ಬೇಕಂತ. ಗಣಿತ ಅಂದಕೂಡ್ಲೆ ಮಾರಿ ಸಣ್ಣ ಮಾಡಿದ್ರು. ಗಣಿತ ಕಲ್ತಾಕಿ ನಾಳೆ ನಮ್ಮ ಮನಿ ಲೆಕ್ಕಾನ ಕೇಳ್ತಾಳ ಅಂದ್ರು."

"ಕೇಳಿದ್ರ ಏನಾಕೈತ್ರಿ ಕಾಕಾ? ಲೆಕ್ಕ ಸರಿ ಇಟ್ಟವರಿಗೆ ಅಂಜಿಕಿ ಯಾಕ?"

"ಬಾಯಿ ಭಾಳ ಆತು ನಿಂದು. ಸಂಸ್ಕೃತ ತಗೊ. ಮರ್ಯಾದಿ ವಿಷಯ. ಗಣಿತ ಗಂಡಸರದು, ಅದರಾಗ ನೀ ಬಿದ್ದಿ ಅಂದ್ರ ಈ ಊರಾಗ ನಾ ತಲಿ ಎತ್ತಾಂಗಿಲ್ಲ. ಮತ್ತ ಕಸೂತಿ ಎಷ್ಟ ಚಂದ ಬರ್ತೈತಿ ನಿನ್ನ ಕೈಯಾಗ. ಅಂಥಾ ಕೈ ಇದ್ದಾಕಿಗೆ ಆ ಒಣ ಲೆಕ್ಕ ಯಾಕ ಬೇಕು?"

ಮೊದಲಿನ ಮಾತುಗಳನ್ನೆಲ್ಲ ಹೇಗೋ ತಡೆದುಕೊಂಡಿದ್ದೆ. ಕಸೂತಿಯ ಮಾತು ಬಂದಾಗ ಪಿತ್ತ ನೆತ್ತಿಗೇರಿತು. ನನ್ನ ಕೈಯ ಕೆಲಸವನ್ನು ಹೊಗಳುತ್ತಲೇ ಅದೇ ಕೈಯನ್ನು ಕಟ್ಟಿಹಾಕಲು ಹೊರಟಿದ್ದರು. ನನಗೆ ಗಣಿತ ಕಲಿಸಿದ್ದೇ ಕಸೂತಿ ಎಂದು ಅವರಿಗೆ ಹೇಗೆ ಹೇಳಲಿ?

ಕಸೂತಿ ಹಾಕಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಇದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆ ಎಣಿಸಿ ಸೂಜಿ ಹಾಕುತ್ತೇವೆ. ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಹೋಗಬೇಕು, ಬರುವಾಗ ಅದೇ ದಾರಿಯಲ್ಲಿ ಬಿಟ್ಟದ್ದನ್ನೆಲ್ಲ ತುಂಬುತ್ತ ಬರಬೇಕು. ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಗೋಪುರದಂಥ ಕವಲು ಕವಲಾದ ಚಿತ್ರವಾದರೆ ಎಲ್ಲಿ ತಿರುಗಬೇಕು, ಯಾವ ಕವಲನ್ನು ಮೊದಲು ಮುಗಿಸಬೇಕು ಎಂಬುದು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ತಯಾರಿರಬೇಕು. ಒಂದು ತಿರುವು ತಪ್ಪಿದರೂ ಬರುವಾಗ ದಾರ ಒಂದೇ ಮಗ್ಗುಲಿಗೆ ಎರಡು ಸಲ ಬಿದ್ದು ಹಿಂಬದಿ ಕೆಟ್ಟುಹೋಗುತ್ತದೆ. ಇದನ್ನು ನನಗೆ ಕಲಿಸಿದವಳು ಅವ್ವ. ನಾನು ಅವಸರದಿಂದ ಸೂಜಿ ಎತ್ತಿಕೊಂಡರೆ ಕೈ ಹಿಡಿದು, "ಮೊದಲ ಕಣ್ಣಾಗ ಹೋಗಿ ಬಾ, ಆಮ್ಯಾಲೆ ಕೈಲೆ ಹೋಗು" ಅನ್ನುತ್ತಿದ್ದಳು.

ಕಾಲೇಜಿನಲ್ಲಿ ಮಾಸ್ತರರು ಹಲಗೆಯ ಮೇಲೆ ಭೂಮಿತಿಯ, ಅಂದರೆ ರೇಖಾಗಣಿತದ, ಚಿತ್ರ ಬರೆದು, ಇಲ್ಲಿಂದ ಅಲ್ಲಿಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರೆ ಹುಡುಗರು ಪೆನ್ಸಿಲು ಕಚ್ಚುತ್ತಿದ್ದರು. ನನಗೆ ದಾರಿ ಕಾಣುತ್ತಿತ್ತು. ಕಣ್ಣಿನಲ್ಲಿ ಹೋಗಿ ಬರುವುದು ನನಗೆ ಮೊದಲೇ ರೂಢಿಯಾಗಿತ್ತು. ಸಂಸ್ಕೃತದ ಶಬ್ದರೂಪಗಳಾದರೆ ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಉಳಿಯುತ್ತಿರಲಿಲ್ಲ. ಅದು ದೊಡ್ಡ ವಿದ್ಯೆ, ನಾನು ಹಳಿಯುವುದಿಲ್ಲ. ಆದರೆ ಅದನ್ನು ಹಿಡಿದಿಟ್ಟುಕೊಳ್ಳುವ ತಲೆ ನನಗೆ ದೇವರು ಕೊಟ್ಟಿರಲಿಲ್ಲ. ಒಬ್ಬರಿಗೆ ಏನು ಬರುತ್ತದೆಯೋ ಅದಕ್ಕೆ ಹೊಂದುವುದನ್ನು ಓದಲಿ ಎಂಬ ಸರಳ ಮಾತು ದೊಡ್ಡವರ ತಲೆಗೆ ಹೊಳೆಯುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ದ್ಯಾಮವ್ವನಿಗೆ ಹೊಸ ಬಣ್ಣ ಕೊಟ್ಟಿದ್ದರು. ನಮ್ಮ ದ್ಯಾಮವ್ವ ಕಟ್ಟಿಗೆಯ ಮೂರ್ತಿ. ಕೆಲವು ವರ್ಷಗಳಿಗೊಮ್ಮೆ ಬಣ್ಣವಾಗುತ್ತದೆ, ಆಮೇಲೆ ಜ್ಯೇಷ್ಠದ ಒಂದು ಶುಕ್ರವಾರ ಹೊಸ ಸೀರೆ ಉಡಿಸಿ, ಮಡಿಲಿಗೆ ಅಕ್ಕಿ ಕಾಯಿ ಇಟ್ಟು ಉಡಿ ತುಂಬುತ್ತಾರೆ. ಪರೀಕ್ಷೆ ಸುಸೂತ್ರವಾಗಿ ಮುಗಿದರೆ ಆ ಸೀರೆಯ ಸೆರಗಿಗೆ ಕಸೂತಿ ಹಾಕಿಕೊಡುತ್ತೇನೆಂದು ನಾನು ಹರಕೆ ಹೊತ್ತಿದ್ದೆ. ಕಪ್ಪು ಚಂದ್ರಕಾಳಿ ಸೀರೆ. ಆ ದಿನಗಳಲ್ಲಿ ಅಂಥ ಸೀರೆ ಸಿಗುವುದೇ ದುರ್ಲಭ, ಕಾಕಾ ಎಲ್ಲೆಲ್ಲೋ ಹೇಳಿಸಿ ತರಿಸಿದ್ದರು. ಕಸೂತಿಯ ದಾರಕ್ಕಂತೂ ಅವ್ವ ತನ್ನ ಮದುವೆಯ ರೇಷ್ಮೆ ಸೀರೆಯ ಅಂಚು ಬಿಚ್ಚಿ ಎಳೆ ತೆಗೆದುಕೊಟ್ಟಿದ್ದಳು. ಸುತ್ತಲಿನ ಸಣ್ಣ ಚಿತ್ರಗಳೆಲ್ಲ ಮುಗಿದಿದ್ದವು. ನಡುವೆ ಒಂದು ದೊಡ್ಡ ಗೋಪುರ, ನಾನೇ ಯೋಚಿಸಿ ಇಟ್ಟದ್ದು, ಯಾರ ಸೀರೆಯಲ್ಲೂ ಇಲ್ಲದ್ದು. ಅದರ ಹೋಗುವ ದಾರಿ ಮುಗಿದು ಬರುವ ದಾರಿ ಬಾಕಿ ಇತ್ತು.

ಅಷ್ಟರಲ್ಲಿ ಒಂದು ಮಂಗಳವಾರ ಕಾಕಾ ಗುಡಿಯಿಂದ ಬಂದು ಪಡಸಾಲೆಯಲ್ಲೇ ನಿಂತು ಹೇಳಿದರು. "ಹೂ ಕೇಳಿ ಬಂದೇನಿ. ಬಲಕ್ಕ ಬಿತ್ತು. ಸಂಸ್ಕೃತ. ಇನ್ನ ನಾ ಹೇಳೂದೇನಿಲ್ಲ, ದ್ಯಾಮವ್ವನಽ ಹೇಳ್ಯಾಳ."

ಹೂ ಕೇಳುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ದೇವಿಯ ಕಿರೀಟಕ್ಕೆ ಒದ್ದೆ ಮಾಡಿದ ಕಣಗಿಲೆಯ ಎಸಳನ್ನು ಅಂಟಿಸಿ, ಬಲಕ್ಕೆ ಬಿದ್ದರೆ ಇಂಥದ್ದು, ಎಡಕ್ಕೆ ಬಿದ್ದರೆ ಇಂಥದ್ದು ಎಂದು ಬಾಯಿಬಿಟ್ಟು ಕೇಳಿ ಕಾಯುತ್ತಾರೆ. ಲಗ್ನವಿರಲಿ, ಬಾವಿ ತೋಡುವುದಿರಲಿ, ಬಿದ್ದ ಕಡೆಗೆ ನಡೆಯಬೇಕು. ಒಮ್ಮೆ ಕೇಳಿದ ಮಾತನ್ನು ಆ ವರ್ಷ ಮತ್ತೆ ಕೇಳುವಂತಿಲ್ಲ. ಮನುಷ್ಯರ ಜೊತೆ ವಾದ ಮಾಡಬಹುದು, ಹೂವಿನ ಜೊತೆ ಏನು ಮಾಡುವುದು?

ನಾನು ಊಟ ಬಿಟ್ಟೆ. ನೆಲದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅದು ದುಃಖವೆಂದು ಮನೆಯವರು ತಿಳಿದರು. ದುಃಖವಾಗಿದ್ದರೆ ಅತ್ತು ಹಗುರಾಗುತ್ತಿದ್ದೆ. ಕಾಕಾನ ಮೇಲೆ ಸಿಟ್ಟು. ನೋಡದ ಶಿಗ್ಗಾಂವಿಯ ವಕೀಲರ ಮೇಲೆ ಸಿಟ್ಟು. ಇಷ್ಟು ವರ್ಷ ಎಣ್ಣೆ ಹಾಕಿಸಿಕೊಂಡು, ಕಾಯಿ ಒಡೆಸಿಕೊಂಡು, ನನ್ನ ಸರದಿ ಬಂದಾಗ ಗಂಡಸರ ಪರವಾಗಿ ಹೂ ಬೀಳಿಸಿದ ದ್ಯಾಮವ್ವನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಅವ್ವನ ಮೇಲೆ. ಅವಳು ಬಂದು ತಲೆಯ ಹತ್ತಿರ ತಂಬಿಗೆ ನೀರಿಟ್ಟು ಹೋಗುತ್ತಿದ್ದಳೇ ಹೊರತು ಒಂದು ಮಾತು ಆಡುತ್ತಿರಲಿಲ್ಲ. ಅಪ್ಪ ಹೋದಾಗಿನಿಂದ ಕಾಕಾನ ಎದುರು ಅವ್ವ ದನಿ ತೆಗೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಓದು ಮುರಿಯುತ್ತಿದ್ದಾಗಲೂ ಅವಳು ಬಾಯಿ ಬಿಡದಿದ್ದರೆ ಇನ್ನು ಯಾವಾಗ ಬಿಡುತ್ತಾಳೆ ಎನಿಸಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉಡಿ ತುಂಬುವ ದಿನ ಹತ್ತಿರ ಬಂತು. ಕಾಕಾ ಬಾಗಿಲಲ್ಲಿ ನಿಂತು ಕೇಳಿದರು. "ಸೀರಿ ಎಲ್ಲಿಗೆ ಬಂತು?"

"ಅರ್ಧಕ್ಕ ಬಂದೈತಿ. ಅಲ್ಲೇ ನಿಲ್ತೈತಿ. ನಾ ಮುಗಸೂದಿಲ್ರಿ."

"ದೇವರ ಕೆಲಸ ಐತಿ, ನೀಲಾ. ನಾಲಿಗಿ ಬಿಗಿ ಹಿಡಿ."

"ನನ್ನ ಕೆಲಸ ಅಕಿ ಕೆಡಿಸ್ಯಾಳ. ಅಕಿ ಕೆಲಸ ನಾ ಯಾಕ ಮಾಡ್ಲಿ?"

ಅವರು ಹೊಡೆಯಲು ಕೈ ಎತ್ತಿ ಇಳಿಸಿದರು. ನಾನು ಸೀರೆಯನ್ನು ಸೂಜಿಯ ಸಮೇತ ಎತ್ತಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಮಟಮಟ ಮಧ್ಯಾಹ್ನದಲ್ಲಿ ಗುಡಿಗೆ ನಡೆದೆ.

ಗುಡಿಯಲ್ಲಿ ಪೂಜಾರಿ ಈರಪ್ಪಜ್ಜ ಒಬ್ಬರೇ ಇದ್ದರು. ದ್ಯಾಮವ್ವನ ಪೂಜೆ ನಮ್ಮೂರಲ್ಲಿ ಬಡಿಗೇರರ ಮನೆತನದ್ದು. ಅಜ್ಜ ಪೀಠದ ಸಂದಿಗೆ ಅರಗು ತುಂಬುತ್ತ ಕುಳಿತಿದ್ದರು. ನಾನು ಅವರನ್ನು ಮಾತಾಡಿಸದೆ ಸೀರೆಯನ್ನು ಗರ್ಭಗುಡಿಯ ಹೊಸ್ತಿಲ ಮೇಲೆ ಇಟ್ಟೆ. ಹೊಸ ಬಣ್ಣದ ದೊಡ್ಡ ಕಣ್ಣು ಬಿಟ್ಟುಕೊಂಡು ದ್ಯಾಮವ್ವ ನನ್ನನ್ನೇ ನೋಡುತ್ತಿದ್ದಳು.

"ತಗೊ ನಿನ್ನ ಸೀರಿ. ಬೇಕಾದ್ರ ನೀನಽ ಹೊಲಕೊ. ಗಣಿತ ಬ್ಯಾಡಂತ ಹೂ ಕೊಟ್ಟಿಯಲ್ಲ, ಗಣಿತ ಅಂದ್ರ ಏನಂತ ಗೊತ್ತೈತೇನು ನಿನಗ? ಹೆಣ್ಣಾಗಿ ಹೆಣ್ಣಿನ ದಾರಿಗೆ ಅಡ್ಡ ಬಂದಿಯಲ್ಲ, ನಾಚಿಕಿ ಬರಲಿಲ್ಲೇನು?"

ಈರಪ್ಪಜ್ಜ ಕೈ ಒರೆಸಿಕೊಂಡು ಎದ್ದು ಬಂದರು. ಅವರಿಗೆ ಸಿಟ್ಟೇನೂ ಬಂದಂತಿರಲಿಲ್ಲ. "ಬೈಯವ್ವ ತಂಗಿ, ಬೈಯಿ. ಅಕಿಗೆ ಬೈಸಿಕೊಂಡು ರೂಢಿ ಐತಿ. ಆದ್ರ ಗಣಿತದ ಮಾತು ಎಲ್ಲಿಂದ ಬಂತು?"

"ಕಾಕಾ ಕೇಳಿದ್ರಲ್ಲ ಅಜ್ಜಾ. ಸಂಸ್ಕೃತೋ ಗಣಿತೋ ಅಂತ."

"ಹೂ ಹಚ್ಚಿದಾಂವ ನಾನು, ಬಾಜೂಕ ನಿಂತು ಕೇಳೇನಿ. ಬಲಕ್ಕ ಬಿದ್ರ ಸಂಸ್ಕೃತ ಓದಸ್ತೇನಿ, ಎಡಕ್ಕ ಬಿದ್ರ ಕಾಲೇಜ ಬಿಡಿಸಿ ಈ ವರ್ಷನ ಲಗ್ನ ಮಾಡ್ತೇನಿ. ಇಷ್ಟಽ ಕೇಳಿದ್ರು ನಿಮ್ಮ ಕಾಕಾ. ಗಣಿತದ ಸುದ್ದೀನ ಎತ್ತಲಿಲ್ಲ."

ನನಗೆ ಬೇಕಾದದ್ದನ್ನು ದ್ಯಾಮವ್ವ ಬೇಡವೆಂದಿರಲಿಲ್ಲ. ಅದನ್ನು ಆಕೆಯ ಮುಂದೆ ಯಾರೂ ಇಟ್ಟೇ ಇರಲಿಲ್ಲ. ಕೇಳಿದ ಎರಡರಲ್ಲಿ ಒಂದನ್ನು ಆಕೆ ಕೊಟ್ಟಿದ್ದಳು, ಎಡಕ್ಕೆ ಬೀಳಿಸಿದ್ದರೆ ನಾನು ಆ ಹೊತ್ತಿಗೆ ಯಾರದೋ ಹೆಸರಿಗೆ ಅರಿಶಿಣ ಹಚ್ಚಿಸಿಕೊಂಡು ಕುಳಿತಿರಬೇಕಾಗಿತ್ತು. ಹಾಗೆಂದು ನಾನು ಕೆನ್ನೆ ಬಡಿದುಕೊಂಡು ತಪ್ಪಾಯಿತು ಎನ್ನಲಿಲ್ಲ. ಸಿಟ್ಟು ತನ್ನ ಜಾಗ ಬದಲಿಸಿತು, ಅಷ್ಟೇ. ಸೀರೆ ಎತ್ತಿಕೊಂಡು ಮನೆಗೆ ಬಂದೆ.

"ಕಾಕಾ, ದ್ಯಾಮವ್ವನ ಮುಂದ ಗಣಿತದ ಹೆಸರು ಹೇಳಿದ್ರೇನ್ರಿ?"

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಂತಿತು. "ಹೇಳೂದೇನೈತಿ ಅದರಾಗ? ಬ್ಯಾಡಾದದ್ದನ್ನ ದೇವರ ಮುಂದ ಯಾಕ ಎತ್ತಬೇಕು?"

"ಯಾರಿಗೆ ಬ್ಯಾಡಾದದ್ದು? ನೀವು ಹೇಳಲಾರದ್ದಕ್ಕ ಅಕಿ ಬ್ಯಾಡ ಅಂದ್ಲಂತ ನನಗ ಹೇಳಿದ್ರಿ. ಈಗ ನನ್ನ ಬಾಯಿಲೆ ನಾನಽ ಕೇಳ್ತೇನಿ. ಆಮ್ಯಾಲೆ ಸೀರಿ."

"ಒಮ್ಮೆ ಕೇಳಿದ ಮಾತು ಮತ್ತ ಕೇಳಾಂಗಿ..."

"ಕೇಳಿದ ಮಾತಲ್ಲರಿ ಇದು. ನೀವು ಬಿಟ್ಟ ಮಾತು."

ಕಾಕಾ ಎದ್ದು ಹೊರಗೆ ಹೋದರು. ಒಪ್ಪಲಿಲ್ಲ. ಮರುದಿನವೇ ಹತ್ತಿಮತ್ತೂರಿಗೆ ಹೇಳಿಕಳಿಸಿ ನನ್ನ ಸೋದರತ್ತೆಯನ್ನು ಕರೆಸಿದರು. ಕಾಕಾನ ಅಕ್ಕ. ಸವಣೂರು ಕಡೆ ಅತ್ತೆಯ ಕಸೂತಿಗೆ ಹೆಸರಿತ್ತು. ನಾನು ಬಿಟ್ಟ ಗೋಪುರವನ್ನು ಅವರು ಮುಗಿಸುವುದೆಂದಾಯಿತು. ಅತ್ತೆ ಬೆಳಕಿಗೆ ಸೀರೆ ಹಿಡಿದು ನೋಡಿದರು, ಒಂದು ಕಡೆಯಿಂದ ಶುರು ಮಾಡಿದರು, ಬಿಚ್ಚಿದರು, ಇನ್ನೊಂದು ಕಡೆಯಿಂದ ಹಿಡಿದರು, ಮತ್ತೆ ಬಿಚ್ಚಿದರು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಎಲ್ಲಿ ತಿರುಗಬೇಕೆಂದು ಹೇಳಬಹುದಾಗಿತ್ತು. ಹೇಳಲಿಲ್ಲ.

ಎರಡನೆಯ ದಿನ ಅತ್ತೆ ಸೂಜಿ ಕೆಳಗಿಟ್ಟರು. "ಶಿವಪ್ಪಾ, ಇದು ಇಕಿ ತಲಿಯಾಗ ಹುಟ್ಟಿದ ಗೋಪುರ. ಹೋದಾಕಿನಽ ತಿರುಗಿ ಬರಬೇಕು. ನನ್ನ ಕಡಿಂದ ಆಗೂದಿಲ್ಲ. ಇದನ್ನ ಹಿಂಗಽ ದ್ಯಾಮವ್ವಗ ಉಡಿಸಿದ್ರ ಊರು ಏನಂದೀತು ನೋಡ್ಕೊ."

ಅರ್ಧ ಹೊಲಿದ ಸೀರೆಯನ್ನು ದೇವಿಗೆ ಉಡಿಸುವಂತಿಲ್ಲ. ಇನ್ನೊಂದು ಚಂದ್ರಕಾಳಿ ಆ ರೇಶನ್ ದಿನಗಳಲ್ಲಿ ಸಿಗುವಂತಿಲ್ಲ. ಕಾಕಾ ನನ್ನ ಮುಖ ನೋಡದೆ ಹೇಳಿದರು. "ಕೇಳಲಿ. ಆದ್ರ ಎಡಕ್ಕ ಬಿತ್ತಂದ್ರ ಗಣಿತದ ಮಾತು ಈ ಮನ್ಯಾಗ ಮತ್ತ ಎತ್ತಬಾರದು. ಸಂಸ್ಕೃತಾನ ಓದಬೇಕು, ಶಿಗ್ಗಾಂವಿಗೆ ಹೂಂ ಅನಬೇಕು. ಕಬೂಲೇನು?"

"ಕಬೂಲ್ರಿ," ಎಂದೆ.

ಶುಕ್ರವಾರ ಬೆಳಿಗ್ಗೆ ಬಾವಿಯ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಗುಡಿಗೆ ಹೋದೆ. ಕಾಕಾ ಬಂದರು, ಅತ್ತೆ ಬಂದರು, ಸುದ್ದಿ ಕೇಳಿದ ಓಣಿಯ ಹೆಂಗಸರು ಬಂದರು. ಅವ್ವ ಎಲ್ಲರ ಹಿಂದೆ ಬಂದು ಬಾಗಿಲ ಹೊರಗೆ ನಿಂತಳು. ಗಂಡ ಸತ್ತವಳು ದ್ಯಾಮವ್ವನ ಮುಂದೆ ಬರಬಾರದಂತೆ, ಉಡಿ ಮುಟ್ಟಬಾರದಂತೆ. ಇದನ್ನು ಯಾರು ಹೇಳಿದರು, ದ್ಯಾಮವ್ವನೇ ಹೇಳಿದಳೇ ಎಂದು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಚಿಕ್ಕಂದಿನಿಂದ ಅವ್ವ ಹೊರಗೆ ನಿಂತದ್ದನ್ನೇ ನೋಡಿದ್ದೆ.

ಈರಪ್ಪಜ್ಜ ಕಣಗಿಲೆಯ ಬಿಳಿ ಎಸಳನ್ನು ನೀರಲ್ಲಿ ಅದ್ದಿ ಕಿರೀಟಕ್ಕೆ ಹಚ್ಚಿದರು. ನಾನು ಗಟ್ಟಿಯಾಗಿ ಕೇಳಿದೆ. "ಬಲಕ್ಕ ಗಣಿತ. ಎಡಕ್ಕ ಸಂಸ್ಕೃತ. ಹೇಳು."

ಹೂ ಅಲುಗಲಿಲ್ಲ. ಮೈಮೇಲಿನ ಸೀರೆ ಆರುತ್ತ ಬಂತು. ಬಾಗಿಲಿಂದ ಬರುವ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಹೆಂಗಸರು ಕುಳಿತರು, ಎದ್ದರು, ಮನೆಯಲ್ಲಿ ರೊಟ್ಟಿ ಬಡಿಯುವುದಿದೆ ಎಂದು ಕೆಲವರು ಹೋಗಿ ಮತ್ತೆ ಬಂದರು. ಎಸಳು ಒಣಗಿ ಅಂಟಿಕೊಂಡಿದೆ, ಇನ್ನು ಬೀಳುವುದಿಲ್ಲ ಎಂದು ಯಾರೋ ಪಿಸುಗುಟ್ಟಿದರು.

"ದ್ಯಾಮವ್ವಗ ಮನಸ್ಸಿಲ್ಲ," ಎಂದರು ಕಾಕಾ. "ನಡೀರಿ."

ನನಗೆ ಅವತ್ತು ಏನಾಯಿತೋ ಗೊತ್ತಿಲ್ಲ. ಹರೆಯದ ಹುಡುಗಿ, ಊರ ಹೆಂಗಸರ ಎದುರು, ಹಿರಿಯರ ಎದುರು, ಬಾಯಿಗೆ ಬಂದದ್ದನ್ನು ಅಂದೆ.

"ಮನಸ್ಸಿಲ್ಲಂದ್ರ ಬ್ಯಾಡನ್ನು. ಎಡಕ್ಕ ಬೀಳಸು. ಸುಮ್ಮನ ಯಾಕ ಕುಂತಿ? ನಮ್ಮವ್ವನೂ ಸುಮ್ಮನಽ ಇದ್ದಾಳ, ನೀನೂ ಸುಮ್ಮನಽ ಇದ್ದಿ. ಗಂಡಸರು ಮಾತಾಡ್ತಾರ, ಹೆಣ್ಣಮಕ್ಕಳು ಬಾಯಿ ಮುಚ್ಚಿಕೊಂಡು ಸೀರಿ ಉಟಗೊಂಡು ಕುಂಡರೂದು. ಇದಽ ಏನು ನಿನ್ನ ದೇವರತನ?"

ಆಗ ಎಸಳು ಕಿರೀಟದಿಂದ ಕಳಚಿತು. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಮೂಗಿನ ಮೇಲೆ ಜಾರಿ, ಎದೆಯ ಮೇಲೆ ಜಾರಿ, ಸೆರಗನ್ನು ಮಡಿಚಿ ಸೊಂಟಕ್ಕೆ ಕಟ್ಟಿದ್ದ ಉಡಿಯೊಳಗೆ ಹೋಗಿ ಬಿತ್ತು.

ಹೀಗಾದದ್ದನ್ನು ಯಾರೂ ಕಂಡಿರಲಿಲ್ಲ. ಮೊದಲು ಚೇತರಿಸಿಕೊಂಡವರು ಕಾಕಾ. "ಉತ್ತರ ಇಲ್ಲಂದಂಗಾತು. ಅಂದ್ರ ಮೊದಲಿನ ಹೂವಽ ಖರೆ. ಪೂಜಾರಪ್ಪಾ, ಅದನ್ನ ತಗದು ಹೊರಗ ಹಾಕ್ರಿ."

ಅಜ್ಜ ಉಡಿಯ ಕಡೆ ಕೈ ಚಾಚಿದರು.

"ಪೂಜಾರಪ್ಪಾ, ಕೈ ಹಾಕಬ್ಯಾಡ್ರಿ."

ದನಿ ಬಾಗಿಲ ಹೊರಗಿನಿಂದ ಬಂತು. ಯಾರದೆಂದು ನನಗೆ ಒಮ್ಮೆಲೇ ತಿಳಿಯಲಿಲ್ಲ. ಅಷ್ಟು ಗಟ್ಟಿಯಾದ ಅವ್ವನ ದನಿಯನ್ನು ನಾನು ಕೇಳಿರಲಿಲ್ಲ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು.

"ಉಡಿಯೊಳಗಿಂದಕ್ಕ ಗಂಡಸರು ಯಾರ ಮನ್ಯಾಗರ ಕೈ ಹಾಕ್ತಾರೇನ್ರಿ? ಉಡಿಯೊಳಗ ಬಿದ್ದದ್ದು ಹೆಣ್ಣಮಕ್ಕಳ ಪಾಲು. ಅಕಿ ಬಲಕ್ಕ ಕೊಡಲಿಲ್ಲ, ಎಡಕ್ಕ ಕೊಡಲಿಲ್ಲ. ಈ ಮಾತು ಗಂಡಸರು ಹೇಳೂದಲ್ಲಂತ ಉಡಿಯಾಗ ಇಟಗೊಂಡಾಳ."

ನಮ್ಮಲ್ಲಿ ಹೆಣ್ಣಿನ ಉಡಿ ತುಂಬಿದರೆ ಅದನ್ನು ಬಿಚ್ಚುವವಳು ಹೆಣ್ಣೇ. ಗಂಡನೂ ಕೈ ಹಾಕುವುದಿಲ್ಲ, ಅಣ್ಣತಮ್ಮಂದಿರೂ ಕೈ ಹಾಕುವುದಿಲ್ಲ. ಇದು ಎಳೆಯ ಮಕ್ಕಳಿಗೂ ಗೊತ್ತು. ಈರಪ್ಪಜ್ಜ ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿದರು. ಆಗ ಹತ್ತಿಮತ್ತೂರಿನ ಅತ್ತೆ ಎದ್ದು ಒಳಗೆ ಹೋಗಿ, ದ್ಯಾಮವ್ವನ ಉಡಿಯಿಂದ ಹೂ ತೆಗೆದುಕೊಂಡರು. ತಾವು ಇಟ್ಟುಕೊಳ್ಳಬಹುದಾಗಿತ್ತು, ಮುತ್ತೈದೆ. ಅವರು ಎಲ್ಲರನ್ನೂ ದಾಟಿ ಬಾಗಿಲಿಗೆ ಬಂದು ಅವ್ವನ ಎದುರು ನಿಂತರು.

"ಸೆರಗ ಒಡ್ಡು. ಹೆತ್ತಾಕಿ ನೀನು. ನೀನಽ ಹೇಳು."

ಎಷ್ಟೋ ವರ್ಷಗಳಿಂದ ಯಾರೂ ಏನೂ ಹಾಕದ ಸೆರಗನ್ನು ಅವ್ವ ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಹೂ ಬಿತ್ತು. ಅವಳು ಕಾಕಾನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ದ್ಯಾಮವ್ವನನ್ನೇ ನೋಡುತ್ತ ಹೇಳಿದಳು. "ಗಣಿತ. ಇಕಿ ಕೈಯಾಗ ಸೂಜಿ ಕೊಟ್ಟಾಕಿ ನಾನು. ಇಕಿ ತಲಿ ಎದರಾಗ ನಡೀತೈತಿ ಅಂತ ನನಗ ಗೊತ್ತೈತಿ."

ಕಾಕಾನಿಗೆ ದ್ಯಾಮವ್ವನ ಮೇಲಿದ್ದ ಭಕ್ತಿ ಸುಳ್ಳಲ್ಲ. ಈ ಮಾತಿನಲ್ಲಿ ಆಕೆಯನ್ನು ಎಳೆದು ತಂದವರೂ ಅವರೇ, ಈಗ ಬಿಡಿಸಿಕೊಂಡು ಹೋಗುವಂತಿರಲಿಲ್ಲ. ಕೊನೆಗೆ ರುಮಾಲು ಸುತ್ತಿಕೊಂಡು, "ಸೀರಿ ಮುಗಸು," ಎಂದಷ್ಟೇ ಹೇಳಿ ಹೊರಟುಹೋದರು.

ಮುಗಿಸಿದೆ. ಮುಂದಿನ ಶುಕ್ರವಾರ ದ್ಯಾಮವ್ವ ಆ ಸೀರೆ ಉಟ್ಟಳು. ಹೆಂಗಸರು ಸೆರಗು ತಿರುಗಿಸಿ ತಿರುಗಿಸಿ ನೋಡಿ, ಮೇಲ್ಮಗ್ಗುಲು ಯಾವುದೆಂದು ಗೊತ್ತಾಗುವುದಿಲ್ಲ ಅಂದರು.

ಮಳೆ ಹಿಡಿದ ಮೇಲೆ ಕಾಕಾನೇ ನನ್ನನ್ನು ಹಾವೇರಿಯವರೆಗೆ ಬಿಡಲು ಬಂದರು. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ಕಾಕಾ ಧೋತರ ಕಚ್ಚೆ ಬಿಗಿದು ಎಲ್ಲರ ಜೊತೆ ನೂಕಿದರು, ಮುಖಕ್ಕೆಲ್ಲ ಮಸಿ ಮಾಡಿಕೊಂಡು ಬಂದು ಪಕ್ಕದಲ್ಲಿ ಕುಳಿತರು. ರೈಲು ಬರುವ ಹೊತ್ತಿಗೆ ಒಂದೇ ಮಾತು ಆಡಿದರು. "ಫೇಲ್ ಆದಿ ಅಂದ್ರ ನನ್ನ ಮಾರಿ ತೋರಸಾಕ ಜಾಗ ಇರೂದಿಲ್ಲ, ನೀಲಾ."

"ಆಗೂದಿಲ್ರಿ," ಎಂದೆ. ಆಗಲಿಲ್ಲ. ಗಣಿತದಲ್ಲಿ ಬಿ.ಎ. ಮುಗಿಸಿದೆ. ಈಗ ಹಾನಗಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಭೂಮಿತಿ ಹತ್ತದ ಹುಡುಗಿಯ ಕೈಗೆ ಮೊದಲು ಸೂಜಿ ದಾರ ಕೊಡುತ್ತೇನೆ. ಶಿಗ್ಗಾಂವಿಯ ವಕೀಲರು ಬೇರೆ ಸೊಸೆಯನ್ನು ತಂದರು. ಅವಳು ಏನೂ ಓದಿಲ್ಲವಂತೆ, ಆದರೂ ಮನೆಯ ಲೆಕ್ಕ ದಿನವೂ ಕೇಳುತ್ತಾಳಂತೆ. ಇದನ್ನು ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ದ್ಯಾಮವ್ವನ ಮೇಲೆ ನನಗಿರುವ ನಂಬಿಕೆ ಆ ದಿನದಿಂದ ಅಲ್ಲಾಡಿಲ್ಲ. ಹೊಗಳಿದವರಿಗೆ ಮಾತ್ರ ಒಲಿಯುವವಳಾಗಿದ್ದರೆ ಆಕೆ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಬೈದೆ, ಆಕೆ ಕೇಳಿಸಿಕೊಂಡಳು. ನಮ್ಮ ಅವ್ವನ ಬಾಯಿ ಬಿಡಿಸಿದಳು. ಅದಕ್ಕಾಗಿ ನಾನು ಬದುಕಿರುವವರೆಗೂ ಆಕೆಗೆ ಋಣಿ.

ಆದರೆ ಒಂದು ಮಾತು ಬರೆಯದೆ ಈ ಕಾಗದ ಮುಗಿಸಲಾರೆ. ಅವತ್ತು ದ್ಯಾಮವ್ವನ ಹೂ ಯಾರ ಸೆರಗಿಗೆ ಹೋಯಿತೆಂದು ಊರೆಲ್ಲ ಕಂಡಿತು. ಅದಾದ ಮೇಲೂ ನಮ್ಮ ಅವ್ವ ಗುಡಿಗೆ ಬಂದಾಗೆಲ್ಲ ಬಾಗಿಲ ಹೊರಗೇ ನಿಲ್ಲುತ್ತಾಳೆ. ಒಳಗೆ ಕರೆಯುವವರಿಲ್ಲ. ಕೇಳಿದರೆ ಪದ್ಧತಿ ಅನ್ನುತ್ತಾರೆ. ದೇವಿ ತಾನಾಗಿ ಕೊಟ್ಟ ಉತ್ತರವನ್ನು ಇವರು ಹೀಗೆ ಕಿವಿಗೆ ಹಾಕಿಕೊಳ್ಳದಿದ್ದರೆ, ಇವರು ಹೂ ಕೇಳುವುದಾದರೂ ಯಾತಕ್ಕೆ?

ಈ ವರ್ಷ ದ್ಯಾಮವ್ವನಿಗೆ ಮತ್ತೆ ಬಣ್ಣವಾಗಿದೆ. ಹೊಸ ಸೀರೆಗೆ ನೀನೇ ಕಸೂತಿ ಹಾಕಬೇಕೆಂದು ಕಾಕಾ ಹೇಳಿಕಳಿಸಿದರು. ಒಪ್ಪಿಕೊಂಡೆ. ಸೀರೆ ನನ್ನ ಹತ್ತಿರವೇ ಇದೆ. ನಡುವಿನ ಗೋಪುರ ಮೊದಲಿನದಕ್ಕಿಂತ ದೊಡ್ಡದು, ಅದರ ಹೋಗುವ ದಾರಿಯನ್ನು ಮುಗಿಸಿದ್ದೇನೆ. ಅವ್ವ ಹೊಸ್ತಿಲು ದಾಟಿ ಒಳಗೆ ಬಂದು ತನ್ನ ಕೈಯಾರೆ ದ್ಯಾಮವ್ವನ ಉಡಿ ತುಂಬುವುದಾದರೆ ಬರುವ ದಾರಿ ಹೊಲಿಯುತ್ತೇನೆ ಎಂದು ಊರಿಗೆ ತಿಳಿಸಿದ್ದೇನೆ. ದ್ಯಾಮವ್ವನಿಗೂ ತಿಳಿಸಿದ್ದೇನೆ. ಆಕೆ ನನ್ನ ಕಡೆಗೇ ಇದ್ದಾಳೆಂದು ನನಗೆ ಗೊತ್ತು.

ಸೂಜಿ ಸೆರಗಿಗೆ ಚುಚ್ಚಿ ಇಟ್ಟಿದ್ದೇನೆ.